ಗಂಧವಿಲ್ಲದ ಕುಂಕುಮ

ಅಕ್ಟೋಬರ್ ಒಂದನೇ ತಾರೀಕು, ಆಯುಧ ಪೂಜೆಯ ಮಧ್ಯಾಹ್ನ. ಕೆ.ಆರ್. ಪುರ ಕಡೆಯ ಠಾಣೆಯಲ್ಲಿ ಜೀಪುಗಳ ಮುಂದೆ ಆಗತಾನೆ ಬೂದುಗುಂಬಳ ಒಡೆದಿದ್ದರು. ಆ ಹೋಳುಗಳನ್ನು ದಾಟಿಕೊಂಡು ಒಬ್ಬಾತ ಒಳಗೆ ಬಂದು ಇನ್‌ಸ್ಪೆಕ್ಟರ್ ಮುನಿರಾಜಪ್ಪನವರ ಮೇಜಿನ ಮುಂದೆ ನಿಂತ. ಹೆಸರು ಸಂಜೀವಪ್ಪ. ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ. ಅಂಗಿಯ ತೋಳಿಗೆ ಸೇವಂತಿಗೆಯ ಎಸಳು ಅಂಟಿತ್ತು.

"ಹೆಂಡ್ತಿ ಹೋಗ್ಬಿಟ್ಲು ಸಾರ್. ಕಾಲು ಮುರಿದಿತ್ತು, ಅಷ್ಟೇ. ಕಾಲು ಮುರಿದೋರು ಸಾಯ್ತಾರಾ?"

"ರಾತ್ರಿ ನೀವೆಲ್ಲಿದ್ರಿ?"

"ಮಾರ್ಕೆಟ್‌ನಲ್ಲಿ. ಹಬ್ಬದ ಲೋಡು ಇಳಿಸ್ಬೇಕಿತ್ತು. ನೀನು ಹೋಗು, ಈ ಕಾಲಿಟ್ಕೊಂಡು ನಾನೇನು ಓಡೋಗ್ತೀನಾ ಅಂದ್ಲು."

ಮುನಿರಾಜಪ್ಪ ಕುರ್ಚಿ ತೋರಿಸಿದರು. ಆತ ಕೂರಲಿಲ್ಲ. ನಿಂತೇ ದೂರು ಬರೆಸಿದ. ಎಫ್‌ಐಆರ್ ದಾಖಲಾಯಿತು.

ಸತ್ತವಳು ಮುನಿವೆಂಕಟಮ್ಮ. ಊರಿನ ಹೊರಗಿನ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದಳು. ಬೆಳಗಿನ ಜಾವ ತೆಗೆದ ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಅವಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಆದರೂ ಇನ್ಸುಲಿನ್ ಚುಚ್ಚಲಾಗಿತ್ತು. ಚುಚ್ಚಿದ್ದು ತಾನೇ ಎಂದು ನರ್ಸ್ ನಂದಿತಾ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು.

"ಯಾಕಮ್ಮ ಚುಚ್ಚಿದೆ?" ಎಂದು ಕೇಳಿದವಳು ಹೆಡ್ ಕಾನ್ಸ್‌ಟೇಬಲ್ ಲಕ್ಷ್ಮಿದೇವಿ.

"ಸ್ಕ್ರೀನ್‌ನಲ್ಲಿ ಹಾಗೇ ಇತ್ತು ಮೇಡಂ. ಹೆಸರೇನು ಅಂತ ಅವರನ್ನೇ ಕೇಳ್ದೆ. ಮುನಿವೆಂಕಟಮ್ಮ ಅಂದ್ರು. ಹುಡುಕಿದ್ರೆ ಒಬ್ರೇ ಮುನಿವೆಂಕಟಮ್ಮ ಬಂದ್ರು. ಔಷಧಿ ಇನ್ಸುಲಿನ್ ಅಂತಿತ್ತು. ಕೊಟ್ಟೆ."

ಮಾರನೆಯ ದಿನ ಪಂಚರ ಸಮಕ್ಷಮದಲ್ಲಿ ವಾರ್ಡಿನ ಕಂಪ್ಯೂಟರ್ ತೆರೆಸಿ ನೋಡಿದಾಗ ಪರದೆಯ ಮೇಲೆ ಇಬ್ಬರು ಮುನಿವೆಂಕಟಮ್ಮಂದಿರು ಬಂದರು. ಒಬ್ಬಳು ಸಕ್ಕರೆ ಕಾಯಿಲೆಯವಳು, ಕಿಟಕಿ ಪಕ್ಕದ ಹಾಸಿಗೆ, ಇನ್ಸುಲಿನ್. ಇನ್ನೊಬ್ಬಳು ಕಾಲು ಮುರಿದವಳು, ನೋವಿನ ಮಾತ್ರೆ. ಇಬ್ಬರ ಫೋಟೊಗಳೂ ಇದ್ದವು. ಕುರುಡರಿಗೂ ತಪ್ಪುವಂತಿರಲಿಲ್ಲ. ಹಾಗೆಂದು ಪಂಚನಾಮೆಯಾಯಿತು. ಕೊಲೆಯಲ್ಲದ ನರಹತ್ಯೆಯ ಕಲಂ ಹಾಕಿ ನಂದಿತಾಳನ್ನು ನ್ಯಾಯಾಂಗ ಬಂಧನಕ್ಕೆ ಕಳಿಸಲಾಯಿತು. ವ್ಯಾನು ಹತ್ತುವಾಗಲೂ ಅವಳು ಹೇಳುತ್ತಿದ್ದಳು: "ಒಂದೇ ಹೆಸರು ಬಂದಿದ್ದು ಸಾರ್. ದೇವರಾಣೆ ಒಂದೇ."

ಮುನಿರಾಜಪ್ಪ ಅದನ್ನು ಆರೋಪಿಗಳೆಲ್ಲ ಆಡುವ ಮಾತೆಂದು ಬಿಟ್ಟುಬಿಡಬಹುದಿತ್ತು. ಆದರೆ ಅದೇ ವಾರ್ಡಿನ ಇನ್ನೊಬ್ಬ ನರ್ಸ್ ಅಲಿಯಾ ಎರಡು ದಿನ ಬಿಟ್ಟು ಠಾಣೆಯ ಹೊರಗೆ ಬಂದು ನಿಂತಳು. ಒಳಗೆ ಬರಲು ಹೆದರಿದ್ದಳು.

"ನನ್ನ ಹೆಸರು ಬರಬಾರ್ದು ಸಾರ್. ಕೆಲಸ ಹೋಗುತ್ತೆ. ಫೋಟೊ ಬರೋಕೆ ಶುರುವಾಗಿದ್ದು ಹಬ್ಬದ ಮಾರನೇ ದಿನದಿಂದ. ಅದಕ್ಕೆ ಮೊದಲು ಒಂದು ವಾರ, ಮುನಿ ಅಂತ ಹಾಕಿದ ತಕ್ಷಣ ಕಂಪ್ಯೂಟರೇ ಒಬ್ರನ್ನ ಆರಿಸಿ ತೆಗೆದುಬಿಡ್ತಿತ್ತು. ಎಷ್ಟು ಬೇಗ ಆಗುತ್ತೆ ನೋಡು ಅಂತ ನಾವೇ ಖುಷಿಪಟ್ವಿ."

ಆ ತಂತ್ರಾಂಶ ಮಾಡಿದವರು 'ಕೈಮರ' ಎಂಬ ಕಂಪನಿಯವರು. ಜೋಗುಪಾಳ್ಯದ ಬಾಡಿಗೆ ಮನೆಯ ನಡುಮನೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಹಿಂದಿನ ಬೀದಿಯ ಡಾಕ್ಟರಿಗೆ ಚೀಟಿ ಮುದ್ರಿಸಿಕೊಡುವ ಪ್ರೋಗ್ರಾಂ ಬರೆದು ಶುರುಮಾಡಿದ ಕಂಪನಿ. ರೋಗಿಯ ವಿವರ ಕನ್ನಡದಲ್ಲೇ ಬರೆಯಬಹುದು ಎಂಬ ಕಾರಣಕ್ಕೆ ನರ್ಸುಗಳು ಮೆಚ್ಚಿದರು. ಹಲಸೂರಿನಿಂದ ಹೊಸಕೋಟೆಯವರೆಗೆ ಚಿಕ್ಕ ಆಸ್ಪತ್ರೆಗಳು ಒಂದೊಂದಾಗಿ ಸೇರಿಕೊಂಡವು. ಈಗ ಇಂದಿರಾನಗರದಲ್ಲಿ ಒಂದು ಇಡೀ ಮಹಡಿ. ಮಾಲೀಕ ಜಯಂತ್, ವಿಮಾ ಕಚೇರಿಯಿಂದ ನಿವೃತ್ತರಾದ ಶ್ರೀನಿವಾಸಮೂರ್ತಿಗಳ ಮಗ.

ಆರನೇ ತಾರೀಕು ಮುನಿರಾಜಪ್ಪ, ಲಕ್ಷ್ಮಿದೇವಿ ಅಲ್ಲಿಗೆ ಹೋದರು. ಜಯಂತ್ ಕಾಫಿ ತರಿಸಿದ.

"ಇಬ್ಬರನ್ನೂ ತೋರಿಸೋ ವರ್ಷನ್ ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೇ ಹೋಗಿದೆ ಸಾರ್. ಡೇಟ್ ನೀವೇ ನೋಡಿ."

ತಾರೀಕು ಹಾಗೇ ಇತ್ತು.

"ಆಮೇಲೆ ಯಾರೂ ಬದಲಾಯಿಸಿಲ್ವಾ?"

"ಆಸ್ಪತ್ರೆಗಳಿಗೆ ಕಳಿಸೋದು ಆ ಮೂಲೇಲಿರೋ ಒಂದೇ ಮಷೀನಿಂದ. ಮನೆಯಿಂದ, ಹೊರಗಿಂದ ಆಗಲ್ಲ. ಒಂದನೇ ತಾರೀಕು ಅಂತೂ ಸಾಧ್ಯವೇ ಇಲ್ಲ. ಆಯುಧ ಪೂಜೆ. ಅಮ್ಮ ಪೂಜೆ ಮಾಡಿದ್ಮೇಲೆ, ಮಾರನೇ ಬೆಳಿಗ್ಗೆ ಅವರೇ ಬಂದು ಆರತಿ ಎತ್ತೋವರೆಗೂ ನಮ್ಮಲ್ಲಿ ಯಾರೂ ಕೀಬೋರ್ಡ್ ಮುಟ್ಟಲ್ಲ. ಜೋಗುಪಾಳ್ಯದಿಂದ ಬಂದ ಪದ್ಧತಿ."

"ಸಾವಾದ ಬೆಳಿಗ್ಗೆ ನಂದಿತಾ ನಿಮಗೆ ಫೋನ್ ಮಾಡಿದ್ದು ಅವಳ ಮೊಬೈಲ್‌ನಲ್ಲಿದೆ."

"ಹೌದು. ಪಾಸ್‌ವರ್ಡ್ ಮರೆತಿದೆ ಅಂದ್ರು."

"ರೋಗಿ ಸತ್ತ ವಾರ್ಡಲ್ಲಿ ಕೂತು ಪಾಸ್‌ವರ್ಡ್ ಕೇಳಿದ್ಲಾ?"

"ಗಾಬರಿಯಲ್ಲಿದ್ರು ಅನ್ಸುತ್ತೆ," ಎಂದು ಜಯಂತ್ ಲೋಟದ ಕಡೆ ನೋಡಿದ.

ಆ ಹೊತ್ತಿಗೆ ಲಕ್ಷ್ಮಿದೇವಿ ಅಡುಗೆ ಮೂಲೆಯಲ್ಲಿ ಜಯಂತನ ತಾಯಿ ಸೀತಮ್ಮನವರ ಜೊತೆ ಕೂತಿದ್ದಳು. ದಿನಾ ಬೆಳಿಗ್ಗೆ ಅವರು ಆಫೀಸಿಗೆ ಬಂದು ದೀಪ ಹಚ್ಚಿ ಹೋಗುವವರು. ಹಬ್ಬ ಹೇಗಾಯಿತು ಎಂದು ಕೇಳಿದ್ದೇ ಸಾಕಾಯಿತು.

"ಏನು ಹೇಳ್ಲಿ ತಾಯಿ, ಈ ಕಾಲದ ಹುಡುಗ್ರಿಗೆ ಶ್ರದ್ಧೆ ಅನ್ನೋದಿಲ್ಲ. ನಾನು ಮೊದಲು ಗಂಧ ಇಟ್ಟು, ಒದ್ದೆ ಗಂಧದ ಮೇಲೆ ಕುಂಕುಮ ಇಡ್ತೀನಿ. ಮಾರನೇ ದಿನಕ್ಕೂ ಕಚ್ಕೊಂಡಿರುತ್ತೆ. ಆರತಿಗೆ ಅಂತ ಬಂದು ನೋಡ್ತೀನಿ, ಆ ಮೂಲೆ ಮಷೀನಿನ ಕೀಬೋರ್ಡ್ ಮೇಲಿನ ಕುಂಕುಮ ಸೆರಗು ತಾಗಿದ್ದಕ್ಕೇ ಉದುರೋಯ್ತು. ಕೆಳಗೆ ಗಂಧವೇ ಇಲ್ಲ! ಯಾರೋ ಒರೆಸಿ, ಕೆಲಸ ಮಾಡಿ, ಬರೀ ಕುಂಕುಮ ಒತ್ತಿ ಹೋಗಿದಾರೆ."

"ಯಾರಿದ್ರಮ್ಮ ಆಮೇಲೆ?"

"ಯಾರೂ ಇಲ್ಲ. ಎಲ್ರಿಗೂ ಕೋಸಂಬರಿ ಕೊಟ್ಟು ಕಳಿಸಿ ನಾನೂ ನಮ್ಮನೆಯವ್ರೂ ಹೊರಟ್ವಿ. ಬೀಗ ಹಾಕ್ಕೊಂಡು ಬರ್ತೀನಿ ಅಂತ ಜಯಂತ ನಿಂತ. ಎಲೆ ಹಾಕಿ ಕಾದಿದ್ದೇ ಕಾದಿದ್ದು, ಊಟಕ್ಕೆ ಬಂದಾಗ ಮೂರು ಗಂಟೆ..."

ಸೀತಮ್ಮ ಲಕ್ಷ್ಮಿದೇವಿಯ ಮುಖವನ್ನು ನೋಡಿದರು. ಆಮೇಲೆ ಅವಳ ಖಾಕಿಯನ್ನು ನೋಡಿದರು.

ಅಂದೇ ಸಂಜೆ ಆ ಕಂಪ್ಯೂಟರನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಕಟ್ಟಡದ ಕ್ಯಾಮೆರಾದಲ್ಲಿ ಎಲ್ಲರೂ ಇಳಿದುಹೋದ ಮೇಲೆ ಜಯಂತ್ ಒಬ್ಬನೇ ಒಳಗೆ ಉಳಿದದ್ದು ಕಂಡಿತು. ಇಪ್ಪತ್ತೊಂದನೇ ತಾರೀಕು ವರದಿ ಬಂತು. ಹಬ್ಬದ ಮಧ್ಯಾಹ್ನ ಯಂತ್ರದ ಗಡಿಯಾರವನ್ನು ಒಂದು ವಾರ ಹಿಂದಕ್ಕೆ ತಿರುಗಿಸಿ, ತಿದ್ದಿದ ಪ್ರೋಗ್ರಾಂ ಕಳಿಸಿ, ಗಡಿಯಾರವನ್ನು ಮತ್ತೆ ಸರಿಮಾಡಲಾಗಿತ್ತು. ಅಂದೇ ಜಯಂತನ ಬಂಧನವಾಯಿತು. ಅವನು ವಾದಿಸಲಿಲ್ಲ.

"ಒಬ್ಬರನ್ನೇ ಆರಿಸಿ ತೋರಿಸೋ ಆ ಹೊಸ ಹುಡುಕಾಟವನ್ನ ಪರೀಕ್ಷೆ ಮಾಡಿರಲಿಲ್ವಾ?" ಮುನಿರಾಜಪ್ಪ ಕೇಳಿದರು.

"ಒಂದೇ ಹೆಸರಿನವರನ್ನ ಹಾಕಿ ನೋಡ್ಬೇಕು, ಇನ್ನೆರಡು ದಿನ ಕೊಡಿ ಅಂದ್ರು ಹುಡುಗ್ರು. ಹಬ್ಬ ಮುಗಿದ ಮೇಲೆ ದೊಡ್ಡ ಆಸ್ಪತ್ರೆ ಗುಂಪಿನವರು ಸಹಿ ಹಾಕೋರಿದ್ರು. ಸ್ಪೀಡ್ ತೋರಿಸ್ಬೇಕಿತ್ತು. ಒಂದೇ ವಾರ್ಡಲ್ಲಿ ಒಂದೇ ಹೆಸರಿನ ಇಬ್ರು ಎಲ್ಲಿ ಬರ್ತಾರೆ ಅಂದೆ."

"ಈ ಕಡೆ ಊರುಗಳಲ್ಲಿ ಮುನಿವೆಂಕಟಮ್ಮ ಇಲ್ಲದ ಬೀದಿ ಇಲ್ಲ ಕಣ್ರೀ. ನಮ್ಮಮ್ಮನ ಹೆಸರೂ ಅದೇ."

ಮುನಿರಾಜಪ್ಪ ವರದಿಯನ್ನು ಮಡಚಿಟ್ಟರು.

"ಒಂದೇ ಹೆಸರು ಬಂತು ಅಂತ ಫೋನ್ ಮಾಡಿ ಹೇಳಿದ ಹುಡುಗಿ ಒಳಗೆ ಹೋಗೋದನ್ನ ನೋಡ್ತಾ ಕೂತ್ರಲ್ಲ?"

"ಜಾಮೀನು ಸಿಗುತ್ತೆ ಅಂದ್ಕೊಂಡೆ ಸಾರ್. ಕಂಪನಿ ಬಿದ್ರೆ ಅದಕ್ಕೆ ಜಾಮೀನಿಲ್ಲ. ಅಲ್ಲಿರೋರೆಲ್ಲ ನನ್ನ ನಂಬಿ ಬಂದೋರು." ಅವನ ದನಿಯಲ್ಲಿ ಕಪಟವಿರಲಿಲ್ಲ. ನಡುಮನೆಯಲ್ಲಿ ಹುಟ್ಟಿದ್ದನ್ನು ಮಹಡಿಗೇರಿಸಿದವನಿಗೆ ಅದು ಕೆಳಗಿಳಿಯುವುದೊಂದೇ ಸಾವಾಗಿ ಕಂಡಿತ್ತು. ಇನ್ನೊಂದು ಸಾವು ಕಂಡಿರಲಿಲ್ಲ.

ಮಾರನೆಯ ದಿನ ಸೀತಮ್ಮ ಠಾಣೆಗೆ ಬಂದರು. ಶ್ರೀನಿವಾಸಮೂರ್ತಿಗಳು ಗೇಟಿನ ಹೊರಗೇ ಉಳಿದರು. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಬೇಕಾಗುತ್ತದೆ ಎಂದು ಮುನಿರಾಜಪ್ಪ ತಿಳಿಸಿದರು.

"ನಾನು ನೋಡೇ ಇಲ್ಲ ಅಂದ್ರೆ?"

"ನಿಮ್ಮ ಮಗನ ವಕೀಲರಿಗೆ ಅನುಕೂಲ ಆಗುತ್ತೆ ತಾಯಿ. ನಂದಿತಾ ಬಿಡುಗಡೆ ಇನ್ನೂ ತಡ ಆಗುತ್ತೆ."

ಸೀತಮ್ಮ ಗೇಟಿನ ಹೊರಗೆ ನಿಂತ ಗಂಡನ ಕಡೆ ನೋಡಿದರು. ಲಕ್ಷ್ಮಿದೇವಿ ತಂದಿಟ್ಟ ನೀರು ಹಾಗೇ ಇತ್ತು.

"ಆ ಹುಡುಗಿಗೆ ತಾಯಿ ಇದಾರಾ?"

"ಇದಾರೆ. ದಿನಾ ಬರ್ತಾರೆ ಇಲ್ಲಿಗೆ."

ಸೀತಮ್ಮ ಸೆರಗನ್ನು ಭುಜದ ಮೇಲೆ ಎಳೆದುಕೊಂಡು ಎದ್ದರು.

"ಕೋರ್ಟಿಗೆ ಎಷ್ಟು ಹೊತ್ತಿಗೆ ಬರ್ಬೇಕು?"