ತುಂಬಿದ ಬಸ್ಸಿಗೆ ನಲವತ್ತೇಳು

ಪ್ಲೈವುಡ್ ಎರಡು ಹಾಳೆ, ಇಲ್ಲಿನ ದುಡ್ಡಿನಲ್ಲಿ ಮುನ್ನೂರ ಇಪ್ಪತ್ತು ತಾಲಾ. ಹನ್ನೆರಡು ಇಂಚಿನ ಸಬ್‌ವೂಫರ್ ಎರಡು, ಒಂಬೈನೂರು. ಅಂಟು, ಸ್ಕ್ರೂ, ಪೈಪು ಎಲ್ಲ ಸೇರಿ ಎಪ್ಪತ್ತು. ಲುಪೆಯ ಕೂಲಿ ಇನ್ನೂರು.

ಇಷ್ಟನ್ನೂ ಕೊಟ್ಟು ಒಯ್ದ ಸ್ಪೀಕರ್ ಪೆಟ್ಟಿಗೆಯನ್ನು ಬಸ್ ಡ್ರೈವರ್ ಇಸಾಕೊ ನಾಲ್ಕನೇ ದಿನ ವಾಪಸು ತಂದು, ವೈಟೆಲೆ ಊರಿನ ಲುಪೆಯ ಶೆಡ್ಡಿನ ಮುಂದೆ ಧೊಪ್ಪೆಂದು ಇಳಿಸಿದ.

"ತಗೋ! ನೀನೇ ಇಟ್ಕೊ ಇದನ್ನ!"

"ಏನಾಯ್ತು ಅಂತ ಹೇಳು ಮೊದಲು."

"ಇಲ್ಲಿ ನಿಲ್ಲಿಸಿದಾಗ ಎದೆ ನಡುಗೋ ಹಾಗೆ ಬಾರಿಸ್ತು. ಜನ ಹತ್ತಿದ್ರೆ ಉಸಿರೇ ಇಲ್ಲ! ಹುಡುಗ್ರೆಲ್ಲ ನನ್ನ ಬಸ್ಸು ಬಿಟ್ಟು ಹಿಂದಿನದಕ್ಕೆ ಕಾಯ್ತಾರೆ. ನಿಮ್ಮಪ್ಪ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ."

ಆ ಕೊನೆಯ ಮಾತು ಲುಪೆಗೆ ಚುಚ್ಚಿತು. ಅಪ್ಪ ತೀರಿಕೊಂಡು ಎರಡು ವರ್ಷ. ಕೆಲಸ ಕಲಿಸಿದವನೇ ಅವನು. ಅವನು ಹೋದಮೇಲೆ ಅವಳು ಮಾಡಿದ ಒಂದು ಪೆಟ್ಟಿಗೆಯೂ ವಾಪಸು ಬಂದಿರಲಿಲ್ಲ.

"ನನ್ನ ಅಳತೆ ತಪ್ಪಿಲ್ಲ," ಎಂದಳು.

"ಹಾಗಾದ್ರೆ ನನ್ನ ಬಸ್ಸೇ ತಪ್ಪು! ಸೋಮವಾರದವರೆಗೆ ನೋಡ್ತೀನಿ. ಆಮೇಲೆ ನ್ಯೂಜಿಲೆಂಡಿಗೆ ಸೇಬು ಕೀಳೋಕೆ ಹೆಸರು ಕೊಡ್ತೀನಿ. ಏಳು ತಿಂಗಳು ಬರೋದಿಲ್ಲ."

'ಹೋಗಲಿ... ನನಗೇನು?' ಎಂದುಕೊಂಡಳು. ಆದರೆ ಪೆಟ್ಟಿಗೆ ಮಾಡುವಾಗ ಮೂರು ವಾರ ದಿನವೂ ಏನೋ ಒಂದು ನೆಪ ಹೇಳಿ, ಎಣ್ಣೆಯಲ್ಲಿ ಕರಿದ ಸಿಹಿ ಉಂಡೆ ಪಾನಿಕೇಕೆಯನ್ನು ಬಿಸಿಬಿಸಿಯಾಗಿ ಕಟ್ಟಿಸಿಕೊಂಡು ಬಂದವನು ಇವನೇ ಅಲ್ಲವೇ? ಸಕ್ಕರೆ ಹತ್ತಿದ ಆ ಬೆರಳುಗಳು... ಈಗ ಏಳು ತಿಂಗಳು!

ಪ್ರತಿ ಗಾಡಿಗೂ ತಾನಾಗಿ ಮೊಳಗುವ ಒಂದು ಸ್ವರವಿರುತ್ತದೆ. ಅದನ್ನು ಹುಡುಕಿ, ಪೆಟ್ಟಿಗೆಯ ಪೈಪನ್ನು ಅದಕ್ಕೆ ಹೊಂದುವಂತೆ ಕತ್ತರಿಸಬೇಕು. ಲುಪೆ ಅಪ್ಪ ಕಲಿಸಿದಂತೆಯೇ ಮಾಡಿದ್ದಳು. ಬಸ್ಸಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಪೈಪಿಲ್ಲದ ಪರೀಕ್ಷೆಯ ಪೆಟ್ಟಿಗೆಯಲ್ಲಿ ಮೂವತ್ತು ಹರ್ಟ್ಜ್‌ನಿಂದ ಒಂದೊಂದಾಗಿ ಮೇಲೇರಿಸಿ ಬಾರಿಸಿದ್ದಳು. ನಡುಸೀಟಿನಲ್ಲಿಟ್ಟ, ಶಬ್ದ ಅಳೆಯುವ ಮೀಟರಿನ ಮುಳ್ಳು ನಲವತ್ತೊಂದರಲ್ಲಿ ಎಲ್ಲಕ್ಕಿಂತ ಮೇಲೆ ಹೋಗಿತ್ತು.

ಹಾಗಾದರೆ ತಪ್ಪೆಲ್ಲಿ?

ಶುಕ್ರವಾರ ಅವಳು ಟಿಕೆಟ್ ಹಣ ಕೈಯಲ್ಲಿ ಹಿಡಿದು ಅವನ ಮರದ ಬಸ್ಸನ್ನೇ ಹತ್ತಿದಳು. ಇಸಾಕೊ ಕನ್ನಡಿಯಲ್ಲಿ ನೋಡಿದ. ಪೆಟ್ಟಿಗೆಯಿಲ್ಲದ ಬಸ್ಸು ಮೂಕವಾಗಿತ್ತು.

ಸೆಕೆಗೆ ಕಿಟಕಿಗಳೆಲ್ಲ ಪೂರ್ತಿ ತೆರೆದಿದ್ದವು. ಸೀಟುಗಳೆಲ್ಲ ತುಂಬಿದ್ದವು. ದಪ್ಪನೆಯ ಹೆಂಗಸೊಬ್ಬಳು ಲುಪೆಯ ಕೈ ಹಿಡಿದೆಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

"ಕೂತ್ಕೊಳೇ ಮಗಳೇ, ನಿಂತ್ರೆ ಪೊಲೀಸರು ಬೈತಾರೆ. ನಾನು ಅಕೆನೆಸೆ, ಈ ಡ್ರೈವರನ ಸೋದರತ್ತೆ. ಊಟ ಮಾಡ್ತೀಯೋ ಇಲ್ವೋ? ಮೂಳೆ ಚುಚ್ತಿದೆ!"

ಲುಪೆ ಸುತ್ತ ನೋಡಿದಳು. ಪ್ರತಿ ಸೀಟಿನಲ್ಲೂ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು. ಬಸ್ಸಿನ ಅರ್ಧ ಗಾಳಿಯ ಜಾಗದಲ್ಲಿ ಜನ!

'ಅಯ್ಯೋ... ನಾನು ಇದನ್ನ ಕಿಟಕಿ ಮುಚ್ಚಿದ ಖಾಲಿ ಕಾರು ಅಂತ ಅಳೆದುಬಿಟ್ಟೆ!'

ಇಳಿಯುವಾಗ ಹೇಳಿಯೇಬಿಟ್ಟಳು. "ಇಸಾಕೊ, ತಪ್ಪು ನಂದೇ. ನಾಳೆ ಬಸ್ಸು ತುಂಬಿಸಿಕೊಂಡು ಬಾ."

ಶನಿವಾರ ಮಧ್ಯಾಹ್ನ ಅಕೆನೆಸೆ ಅತ್ತೆ ಚರ್ಚಿನ ಹಾಡುಗಾರರನ್ನೆಲ್ಲ ಅಭ್ಯಾಸ ಮುಗಿದದ್ದೇ ಬಸ್ಸಿಗೆ ತುಂಬಿಸಿದಳು. ಮೀಟರ್ ಹಿಡಿದ ಲುಪೆಗೆ ಮಾತ್ರ ಜಾಗವಿಲ್ಲ.

"ಇಸಾಕೊ ತೊಡೆ ಖಾಲಿ ಇದೆಯಲ್ಲ!" ಹಿಂದಿನಿಂದ ಯಾರೋ ಕೂಗಿದರು.

"ಪಾದ್ರಿಗಳ ಆಶೀರ್ವಾದ ಆಗ್ಲಿ, ಆಮೇಲೆ!" ಎಂದು ಅತ್ತೆ ಲುಪೆಯನ್ನು ತನ್ನ ಮೇಲೆ ಕೂರಿಸಿಕೊಂಡಳು. ಬಸ್ಸೆಲ್ಲ ನಗು. ಇಸಾಕೊನ ಕಿವಿ ಕೆಂಪಾಯಿತು.

"ಎಲ್ಲ ಬಾಯಿ ಮುಚ್ಚಿ!" ಎಂದು ಲುಪೆ, ಕಿಟಕಿಗಳನ್ನು ತೆರೆದೇ ಇಟ್ಟು, ಪರೀಕ್ಷೆಯ ಪೆಟ್ಟಿಗೆ ಬಾರಿಸಿದಳು.

ನಲವತ್ತೊಂದು... ಮುಳ್ಳು ಏಳಲೇ ಇಲ್ಲ. ನಲವತ್ನಾಲ್ಕು, ಸ್ವಲ್ಪ. ನಲವತ್ತೇಳು... ಸೀಟಿನ ಹಲಗೆ, ಮೊಣಕಾಲು, ಅತ್ತೆಯ ಹೊಟ್ಟೆ ಎಲ್ಲ ಒಟ್ಟಿಗೆ ನಡುಗಿದವು! ನಲವತ್ತೆಂಟಕ್ಕೆ ಮುಳ್ಳು ಮತ್ತೆ ಇಳಿಯಿತು.

ಸ್ವರ ಮೇಲೇರಬೇಕೆಂದರೆ ಪೈಪು ಗಿಡ್ಡವಾಗಬೇಕು. ಲುಪೆ ಗರಗಸ ತೆಗೆದು ನಾಲ್ಕು ಇಂಚು ಕತ್ತರಿಸತೊಡಗಿದಳು. ಇಸಾಕೊ ಪೈಪು ಹಿಡಿದುಕೊಂಡ.

"ಅವತ್ತು ನಿಮ್ಮಪ್ಪನ ಮಾತು ತೆಗೀಬಾರದಿತ್ತು," ಎಂದ ಮೆಲ್ಲಗೆ.

"ಅಪ್ಪ ಇದ್ದಿದ್ರೂ ಇದೇ ತಪ್ಪಾಗ್ತಿತ್ತು. ಅಪ್ಪನೂ ಕಾರಿಗಷ್ಟೇ ಮಾಡಿದ್ದು."

ಅತ್ತೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅದನ್ನೂ ಹೇಳೋ! ಹಳೇ ಪೆಟ್ಟಿಗೆ ಚೆನ್ನಾಗೇ ಬಾರಿಸ್ತಿತ್ತು, ಈ ಶೆಡ್ಡಿಗೆ ಬರೋ ನೆಪಕ್ಕೆ ತಮ್ಮನಿಗೆ ಕೊಟ್ಬಿಟ್ಟೆ ಅಂತ!"

ಲುಪೆಯ ಕೈಯಲ್ಲಿ ಗರಗಸ ನಿಂತಿತು.

"ನಿಜಾನಾ?"

"ನಿಜ. ಹೊಸದು ಹಾಳಾದಾಗ ದೇವರೇ ಬೇಡ ಅಂತಿದ್ದಾನೆ ಅನ್ನಿಸ್ತು... ಅದಕ್ಕೇ ಕೂಗಾಡಿದೆ."

"ದೇವರಲ್ಲ, ಕಿಟಕಿ." ಅವಳು ಕತ್ತರಿಸಿ ಮುಗಿಸಿ, ಪೈಪಿನ ಅಂಚು ಉಜ್ಜಿದಳು. "ಸೋಮವಾರ ಹೆಸರು ಕೊಡ್ತೀಯಾ?"

"ಬೇಡ ಅಂತ ಒಬ್ಬರು ಹೇಳಿದ್ರೆ ಕೊಡಲ್ಲ."

"ಬೇಡ."

"ಇನ್ನೊಂದ್ಸಲ ಹೇಳು."

"ಬೇಡ ಕಣೋ! ಪೈಪು ಸರಿಯಾಗಿ ಹಿಡಿ."

ನಾಲ್ಕು ಇಂಚು ಪೈಪು ಹೋಯಿತು. ಏಳು ತಿಂಗಳ ಸೇಬಿನ ಕೂಲಿಯೂ ಹೋಯಿತು. ಇಸಾಕೊ ಊರಲ್ಲೇ ಉಳಿದ.