ಕಪ್ಪಾಗದ ಸ್ಕ್ರೀನ್

"ಇನ್ಮೇಲೆ ನಿಮ್ಮನ್ನ ಕರೆಯೋ ಅಗತ್ಯಾನೇ ಬರ್ಬಾರ್ದು ಮಾಸ್. ಅಂಥಾ ಒಂದು ಗ್ರಾಫಿಕ್ಸ್ ಕಾರ್ಡ್ ನೋಡಿ ಕೊಡ್ಸಿ. ಬೆಲೆ ಮಾತ್ರ ನನ್ನ ಕೈಗೆ ಎಟುಕೋ ಹಾಗಿರ್ಲಿ" ಎಂದಳು ವೆನಿಂಗ್.

ಕಂಪ್ಯೂಟರಿನ ಡಬ್ಬದೊಳಗೆ ತಲೆ ತೂರಿಸಿ ಕೂತಿದ್ದ ಸೇನೋನ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ತಿರುಗಿ ನೋಡಿದ. ಅವಳು ಬಾಗಿಲಿಗೆ ಒರಗಿ, ಬೆರಳಿಗೆ ಅಂಟಿದ್ದ ಮೇಣವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ತುಟಿಯ ಕೊನೆಯಲ್ಲಿ ನಗುವಿನಂಥದ್ದೇನೋ ಇತ್ತು. ಅದನ್ನು ಓದುವ ವಿದ್ಯೆ ಸೇನೋನಿಗೆ ಬರುತ್ತಿರಲಿಲ್ಲ. ಆಯ್ತು ಎಂದು ಮತ್ತೆ ಡಬ್ಬದೊಳಗೆ ತಲೆ ಹಾಕಿದ.

ಜೋಗ್ಜಾ ಊರಿನ ಆ ಓಣಿಯಲ್ಲಿ ಅವಳದು ಬಾಟಿಕ್ ಮಾಡುವವರ ಮನೆ. ತಾಯಿ ಬಟ್ಟೆಯ ಮೇಲೆ ಮೇಣದಲ್ಲಿ ಬರೆದರೆ, ಮಗಳು ಹೊಸ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾಳೆ. ಎರಡು ಓಣಿ ಆಚೆಯ ಸೇನೋ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಮಾಸ್ ಎನ್ನುವುದು ಅಲ್ಲಿ ಯುವಕರನ್ನು ಮರ್ಯಾದೆಯಿಂದ ಕರೆಯುವ ರೀತಿ. ಅವಳ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಹಾಕಿಕೊಟ್ಟವನೂ ಅವನೇ. ತೊಂದರೆಯೆಲ್ಲ ಅವಳ ಹಳೆಯ ಕಾರ್ಡಿನದು. ಅದನ್ನು ನಡೆಸುವ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಹೊರಗಿನಿಂದ ತಂದು ಕೂರಿಸಬೇಕು. ಲಿನಕ್ಸ್ ಅಪ್‌ಡೇಟ್ ಆಯಿತೆಂದರೆ ಎರಡಕ್ಕೂ ಮುನಿಸು, ಸ್ಕ್ರೀನ್ ಕಪ್ಪು. ಅವಳ ಕೆಲಸ ನಿಲ್ಲುತ್ತದೆ, ಸೇನೋನಿಗೆ ಫೋನ್ ಬರುತ್ತದೆ. ಅವನು ತಲೆ ಬಾಚಿಕೊಂಡು ಬೈಕ್ ಹತ್ತುತ್ತಾನೆ.

ಪಾಪ, ಅವನ ಪ್ರೀತಿಯೆಲ್ಲ ಆ ಕಪ್ಪು ಸ್ಕ್ರೀನನ್ನೇ ನಂಬಿಕೊಂಡಿತ್ತು. ಅದೊಂದು ಹೋದರೆ ಅವಳ ಮನೆಗೆ ಹೋಗಲು ಬೇರೆ ನೆಪವೇ ಇರಲಿಲ್ಲ.

ಸುಮ್ಮನೆ ಹೋಗಬಾರದಿತ್ತೇ ಎಂದರೆ, ಅದೇ ಕಷ್ಟ. ಪ್ರತಿಸಲ ಗೇಟಿನ ಹತ್ತಿರ ಅವಳು "ಸುಮ್ನೆ ಬಂದು ಹೋಗ್ತಿರಿ ಮಾಸ್" ಎನ್ನುತ್ತಿದ್ದಳು. ಆದರೆ ಜೋಗ್ಜಾದಲ್ಲಿ ಮನೆ ಮುಂದೆ ಹಾದುಹೋಗುವ ಎಲ್ಲರಿಗೂ ಎಲ್ಲರೂ ಹಾಗೆ ಹೇಳುತ್ತಾರೆ. ಇನ್ನೊಂದು ಸಲ ಬರ್ತೀನಿ ಎಂದು ನಕ್ಕು ಮುಂದೆ ಹೋಗುವುದೇ ಮರ್ಯಾದೆ. ಕರೆದರೆಂದು ನಿಜವಾಗಿ ಒಳಗೆ ಹೋಗಿ ಕೂತವನನ್ನು ಜನ ಬೇರೆ ಥರ ನೋಡುತ್ತಾರೆ. ಸೇನೋ ಬಹಳ ಮರ್ಯಾದಸ್ಥ.

ಶನಿವಾರ ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ಅವಳ ಬಜೆಟ್ ಕೇಳಿ, ಬಣ್ಣಬಣ್ಣದ ದೀಪ ಮಿನುಗುವ ಕಾರ್ಡೊಂದನ್ನು ಮುಂದಿಟ್ಟು, ಎಲ್ಲರೂ ಇದನ್ನೇ ಒಯ್ಯುವುದು ಎಂದ. ನೋಡಿದೊಡನೆ ಸೇನೋನಿಗೆ ಗೊತ್ತಾಯಿತು: ಇದು ಹಳೆಯದರ ಖಾಸಾ ತಮ್ಮ. ಇದಕ್ಕೂ ಹೊರಗಿನ ಡ್ರೈವರೇ ಬೇಕು. ಇದನ್ನು ಕೊಡಿಸಿಬಿಟ್ಟರೆ ಫೋನ್ ಬರುತ್ತಲೇ ಇರುತ್ತದೆ. ಅವನು ಅದನ್ನು ಕೈಗೆತ್ತಿಕೊಂಡ. ಒಂದು ಗಳಿಗೆ ಹಾಗೇ ಹಿಡಿದುಕೊಂಡ.

ವೆನಿಂಗ್ ಕಾರ್ಡನ್ನು ನೋಡುತ್ತಲೇ ಇರಲಿಲ್ಲ. ಅವನನ್ನು ನೋಡುತ್ತಿದ್ದಳು. ರೆಪ್ಪೆ ಬಡಿಯದ, ಏನೂ ಅನುಮಾನವಿಲ್ಲದ ನೋಟ. "ನೀವು ಹೇಳಿದ್ದೇ ಸೈ" ಎಂದಳು.

ಸೇನೋ ದೀಪದ ಕಾರ್ಡನ್ನು ಕೆಳಗಿಟ್ಟು, ಮೂಲೆಯಲ್ಲಿದ್ದ ಚಿಕ್ಕ ರೇಡಿಯಾನ್ ಕಾರ್ಡನ್ನು ತೋರಿಸಿ ಎಂದು ಅಂಗಡಿಯವನಿಗೆ ಹೇಳಿದ. ಒಂದೇ ಫ್ಯಾನು, ಮಿಂಚಿಲ್ಲ ಗುಡುಗಿಲ್ಲ. ಬೇರೆ ಪವರ್ ಕೇಬಲ್ ಬೇಡ, ಡ್ರೈವರ್ ಲಿನಕ್ಸಿನೊಳಗೇ ಇರುತ್ತದೆ. ಅಂಗಡಿಯ ಕಂಪ್ಯೂಟರಿಗೆ ಅದನ್ನು ಹಾಕಿ, ಲಿನಕ್ಸ್ ಇದ್ದ ತನ್ನದೇ ಪೆನ್‌ಡ್ರೈವ್ ಚುಚ್ಚಿ ಪರೀಕ್ಷೆ ಮಾಡಿದ. ಅವನು ಕುರ್ಚಿ ಎಳೆದು ಕೂರುವ ಮೊದಲೇ ಸ್ಕ್ರೀನ್ ಬೆಳಗಿತು. ಇಷ್ಟೇನಾ ಎಂದು ಅವಳು ಕೇಳಿದಳು. ಇಷ್ಟೇ ಎಂದ. ಅವಳು ಹಗುರಾಗಿ ನಕ್ಕಳು. ಅವನೂ ನಕ್ಕ, ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡವನ ಹಾಗೆ.

ಆಮೇಲೆ ಫೋನ್ ಬರಲಿಲ್ಲ. ವಾರಗಳು ಕಳೆದವು. ಲಿನಕ್ಸಿನ ಹೊಸ ಅಪ್‌ಡೇಟ್ ಬಂದ ದಿನ ಅವನು ಪಾಠದ ನಡುವೆಯೂ ಜೇಬು ಮುಟ್ಟಿ ನೋಡಿಕೊಂಡ. ಅವಳ ಕಂಪ್ಯೂಟರ್ ಕೆಡಲಿ ಎಂದು ಬಯಸುತ್ತಿದ್ದೇನಲ್ಲ ಎಂದು ತನ್ನ ಮೇಲೇ ನಾಚಿಕೆಯಾಯಿತು. ಅವಳ ಓಣಿಯಲ್ಲಿ ಬೈಕ್ ನಿಧಾನ ಮಾಡಿದ, ನಿಲ್ಲಿಸಲಿಲ್ಲ.

ಒಂದು ಭಾನುವಾರ ಮೆಸೇಜ್ ಬಂತು: ಸ್ಕ್ರೀನ್ ಕಪ್ಪಾಗಿದೆ, ಬನ್ನಿ.

ದಾರಿಯುದ್ದಕ್ಕೂ ಖುಷಿ ಒಂದು ಕಡೆ, ಭಯ ಇನ್ನೊಂದು ಕಡೆ. ತಾನು ಆರಿಸಿದ ಕಾರ್ಡೇ ಕೈಕೊಟ್ಟಿತೇ? ಅವಳ ನಂಬಿಕೆ ಹೋಯಿತೇ? ಒಳಗೆ ಬಂದವನೇ ನೆಲದ ಮೇಲೆ ಕೂತು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದ. ಮಾನಿಟರಿನ ಕೇಬಲ್ ಜೋತಾಡುತ್ತಿತ್ತು. ಅವನಿಗೆ ಹೋದ ಜೀವ ಬಂತು.

"ಏನಿಲ್ಲ, ಕೇಬಲ್ ಕಳಚಿಕೊಂಡಿದೆ."

"ಕಳಚಿಲ್ಲ" ಎಂದಳು ವೆನಿಂಗ್. "ನಾನೇ ಕಿತ್ತಿದ್ದು."

ಸೇನೋ ಕೇಬಲ್ ಹಿಡಿದು ಬೆಪ್ಪಾಗಿ ಕೂತ.

"ಸುಮ್ನೆ ಬನ್ನಿ ಅಂದ್ರೆ ಬರಲ್ಲ. ಕೆಟ್ಟಿದೆ ಅಂದ್ರೆ ಓಡಿ ಬರ್ತೀರಿ. ನಾನೇನ್ ಮಾಡ್ಲಿ?"

"ಕರೆಯೋ ಅಗತ್ಯಾನೇ ಬೇಡ ಅಂದಿದ್ರಲ್ಲ?"

"ಬಂದಾಗಲೆಲ್ಲ ನನಗೆ ಬೆನ್ನು ಹಾಕಿ ಆ ಡಬ್ಬದೊಳಗೆ ತಲೆ ಇಟ್ಕೊಂಡು ಕೂರ್ತಿದ್ರಿ. ಅದು ಸರಿಹೋದ್ರೆ ಈ ಕಡೆ ತಿರುಗ್ತೀರಿ ಅಂದ್ಕೊಂಡೆ." ಧ್ವನಿ ಸಣ್ಣಗಾಯಿತು. "ನೀವು ನೋಡಿದ್ರೆ ಓಣೀಲಿ ಬೈಕ್ ಸ್ಲೋ ಮಾಡಿ ಹೋಗ್ಬಿಡ್ತೀರಿ."

ನೋಡಿದ್ದಳು ಹಾಗಾದರೆ. ಸೇನೋನ ಕಿವಿ ಕೆಂಪಾಯಿತು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಎದ್ದುಹೋಯಿತು. ಅವನು ಅಂಗಡಿಯ ವಿಷಯ ಹೇಳಿಬಿಟ್ಟ.

"ಆ ದೀಪದ ಕಾರ್ಡೇ ಕೊಡ್ಸೋಣ ಅನ್ನಿಸಿತ್ತು. ಆಗ ನೀವು ಕರೀತಾನೇ ಇರ್ತಿದ್ರಿ."

"ಮತ್ಯಾಕೆ ಕೊಡ್ಸ್ಲಿಲ್ಲ?"

"ನಿಮ್ಮ ಕೆಲ್ಸ ನಿಲ್ಲೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ ವೆನಿಂಗ್. ನೀವಂದ್ರೆ ನನಗೆ ಅಷ್ಟು ಇಷ್ಟ."

ಅವಳ ಕಣ್ಣು ಕೆಳಗಿಳಿಯಿತು, ಮೆಲ್ಲಗೆ ಮತ್ತೆ ಮೇಲೆ ಬಂದು ಅವನಲ್ಲೇ ನಿಂತಿತು. ತುಟಿಯ ಕೊನೆಯ ನಗು ಈಗ ಮುಖವನ್ನೆಲ್ಲ ತುಂಬಿತು. ಈ ಸಲ ಸೇನೋನಿಗೂ ಅದನ್ನು ಓದಲು ಬಂತು.

ಅಷ್ಟರಲ್ಲಿ ಅವಳ ತಾಯಿ ಕಲ್ಲುಸಕ್ಕರೆ ಹಾಕಿದ ಬಿಸಿ ಮಲ್ಲಿಗೆ ಚಹಾ ತಂದಿಟ್ಟರು. ಅಲ್ಲಿನ ಮರ್ಯಾದೆಯಂತೆ, ಮನೆಯವರು ಎರಡು ಮೂರು ಸಲ ಕುಡಿಯಿರಿ ಎನ್ನುವ ತನಕ ಅತಿಥಿ ಲೋಟ ಮುಟ್ಟಬಾರದು. ಸೇನೋ ಕೂಡಲೇ ಎತ್ತಿಕೊಂಡು ಕುಡಿದ. ತಾಯಿ ಒಮ್ಮೆ ಅವನನ್ನು, ಒಮ್ಮೆ ಮಗಳನ್ನು ನೋಡಿ, ಇನ್ನೊಂದು ಲೋಟ ತರುತ್ತೇನೆ ಎಂದು ಒಳಗೆ ಹೋದರು.

ಅವನು ಕೇಬಲ್ ಸಿಕ್ಕಿಸಿದ. ಸ್ಕ್ರೀನ್ ಬೆಳಗಿತು. ಇಬ್ಬರೂ ಅದನ್ನು ನೋಡಲಿಲ್ಲ.

"ನಾಳೆ ಬರ್ಲಾ?" ಎಂದು ಕೇಳಿದ.

"ಏನ್ ಕೆಲ್ಸ ಇದೆ ನಾಳೆ?"

"ಏನೂ ಇಲ್ಲ" ಎಂದ ಸೇನೋ. "ಸುಮ್ನೆ."