ನಿಮಿಷಕ್ಕೆ ಆರು ಸುತ್ತು

"ಕತ್ತು ಹೊರಳಿಸಬೇಡಿ!"

ಆ ಕೂಗು ಕಿವಿಗೆ ಬಿದ್ದದ್ದೇ ತಡ, ಡೆಲ್ಫೀನ್ ಕತ್ತು ಹೊರಳಿಸಿಯೇಬಿಟ್ಟಳು!

ನೆಲ ಕಾಲಡಿಯಿಂದ ಜಾರಿತು. ಗೋಡೆ ಮೇಲೇರಿ ಬಂದಂತಾಯಿತು. ಇನ್ನೇನು ಬಿದ್ದೆ ಅನ್ನುವಷ್ಟರಲ್ಲಿ ಎರಡು ಕೈಗಳು ಅವಳನ್ನು ಹಿಡಿದುಕೊಂಡವು.

"ಈ ಕೋಣೇಲಿ ಯಾರನ್ನಾದ್ರೂ ನೋಡ್ಬೇಕಂದ್ರೆ ಇಡೀ ಮೈ ತಿರುಗಿಸ್ಬೇಕು ಮೇಡಂ. ನಿಧಾನಕ್ಕೆ... ಹಾಂ, ಹಾಗೆ. ಈಗ ನೋಡಿ. ಅಷ್ಟೇನೂ ಕೆಟ್ಟದಾಗಿಲ್ಲ ಅಲ್ವಾ ನನ್ನ ಮುಖ?"

ನೌಕಾದಳದ ಪೈಲಟ್ ವೇಡ್ ಟಾಲಿವರ್ ನಗುತ್ತಿದ್ದ. ಡೆಲ್ಫೀನಳಿಗೆ ತಲೆ ತಿರುಗಿದ್ದು ಕೋಣೆಯಿಂದಲೋ, ಆ ನಗುವಿನಿಂದಲೋ... ಅವಳಿಗೇ ತಿಳಿಯಲಿಲ್ಲ.

ಅದು ೧೯೬೩. ಫ್ಲಾರಿಡಾದ ಕೊಲ್ಲಿ ತೀರದಲ್ಲಿ, ಬುಗುರಿಯಂತೆ ಸುತ್ತುವ, ಕಿಟಕಿಯಿಲ್ಲದ ಒಂದು ದುಂಡು ಕೋಣೆ. ಮರುದಿನದಿಂದ ವೇಡ್ ಹತ್ತು ದಿನ ಅದರೊಳಗೇ ಉಂಡು ಮಲಗಬೇಕಿತ್ತು. ಯಾಕೆಂದರೆ ಡೆಲ್ಫೀನ್ ಆಕಾಶದಲ್ಲಿ ಮನುಷ್ಯರು ವಾಸಿಸಲು ಒಂದು ಚಕ್ರದ ನಕ್ಷೆ ಬರೆಯುತ್ತಿದ್ದಳು. ಚಕ್ರ ಸುತ್ತಿದರೆ ಒಳಗಿನವರಿಗೆ ಮೈಭಾರ ಬರುತ್ತದೆ, ಕಾಲು ನೆಲಕ್ಕೆ ಊರುತ್ತದೆ. ಆದರೆ ಎಷ್ಟು ಬೇಗ ಸುತ್ತಿದರೆ ಮನುಷ್ಯ ತಡೆದುಕೊಂಡಾನು?

ನಿಮಿಷಕ್ಕೆ ಆರು ಸುತ್ತು ತಡೆದುಕೊಂಡರೆ ಚಕ್ರದ ನಡುವಿನಿಂದ ಅಂಚಿಗೆ ಇಪ್ಪತ್ನಾಲ್ಕು ಅಡಿಯ ಅರೆಕಾಲು ಸಾಕು, ಒಂದೇ ರಾಕೆಟ್ಟಿನಲ್ಲಿ ಹೋಗುತ್ತದೆ. ಮೂರೇ ಸುತ್ತು ಅಂದರೆ ಅರೆಕಾಲು ನಾಲ್ಕು ಪಟ್ಟು ಉದ್ದ! ಅಷ್ಟು ದೊಡ್ಡದನ್ನು ಯಾರೂ ಕಟ್ಟಲಾರರು ಎಂದು ಅವಳ ಮೇಲಧಿಕಾರಿ ಸ್ಟಾಕ್‌ವೆಲ್ ಮೊದಲೇ ಹೇಳಿಬಿಟ್ಟಿದ್ದ.

ಮೊದಲೆರಡು ದಿನ ಮೂರು ಸುತ್ತು. ಆಮೇಲೆ ಎಂಟು ದಿನ ಆರು. ದಿನಾ ಬೆಳಿಗ್ಗೆ ಅವಳು ಫೋನಿನಲ್ಲಿ ಕೇಳುತ್ತಿದ್ದಳು.

"ಈವತ್ತು ಹೇಗಿದೀರಿ?"

"ಚೆನ್ನಾಗಿದೀನಿ. ನಿಮ್ಮ ದನಿ ಕೇಳಿದ್ಮೇಲೆ ಇನ್ನೂ ಚೆನ್ನಾಗಿದೀನಿ!"

ಅವಳು ನಗುತ್ತಾ ಬರೆದುಕೊಳ್ಳುತ್ತಿದ್ದಳು. ವಾಕರಿಕೆ: ಇಲ್ಲ.

ವೇಡ್ ಹೊರಬಂದ ಮೇಲೆ ಒಂದು ತಿಂಗಳು, ಸಂಜೆಯಾದರೆ ಇಬ್ಬರೂ ಕಡಲಕಟ್ಟೆಯ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ಸುಲಿದು ತಿಂದರು. 'ನೀವು' ಹೋಗಿ 'ನೀನು' ಬಂತು. "ನನ್ನ ಮದುವೆ ಆಗ್ತೀಯಾ?" ಎಂದು ಅವನು ಕೇಳಿದ. ಅವಳು ಹೂಂ ಅಂದಳು. ಪುಟ್ಟ ಚಕ್ರದ ನಕ್ಷೆಯೂ ಮುಗಿಯಿತು.

ಅದನ್ನು ಸಭೆಯ ಮುಂದಿಡುವ ಹಿಂದಿನ ದಿನ, ನೌಕಾನೆಲೆಯ ಅಡುಗೆಯ ಒಡೆಟ್ಟಾ ಮೀನು ಬಡಿಸುತ್ತಾ ಕೇಳಿದಳು, "ನಿಮ್ಮ ಹುಡುಗನ ಹೊಟ್ಟೆ ನೆಟ್ಟಗಾಯ್ತಾ, ತಾಯಿ?"

"ಅವನ ಹೊಟ್ಟೆಗೇನು?"

"ಅಯ್ಯೋ, ಕಾಫಿ ಫ್ಲಾಸ್ಕ್ ತೊಳ್ದೋಳು ನಾನಲ್ವಾ! ಎಂಟು ದಿನಾನೂ ತಿಂದಿದ್ದೆಲ್ಲ ಅದ್ರಲ್ಲೇ ಕಕ್ಕಿ ಕಳಿಸ್ತಿದ್ದ. ಡಾಕ್ಟರಿಗೆ ಗೊತ್ತಿರುತ್ತೆ ಅಂದ್ಕೊಂಡೆ..."

ಡೆಲ್ಫೀನ್ ತಟ್ಟೆ ಸರಿಸಿ ಎದ್ದಳು.

ವೇಡ್ ವಿಮಾನದ ಷೆಡ್ಡಿನ ಬಳಿ ಸಿಕ್ಕ. ಅವಳ ಮುಖ ನೋಡಿದವನೇ ಎಲ್ಲ ಅರ್ಥಮಾಡಿಕೊಂಡ.

"ಡಾಕ್ಟರಿಗೆ ನಿಜ ಹೇಳೋ ಪೈಲಟ್ ಯಾರಿದಾರೆ ಹೇಳು? ತಲೆ ಸುತ್ತುತ್ತೆ ಅಂದ್ರೆ ಸಾಕು, ಹಾರೋದು ಬಂದ್! ನಾವೆಲ್ಲಾ ಹೀಗೇ..."

"ನಾನು ಡಾಕ್ಟರಾ?"

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ದಿನಾ ಬೆಳಿಗ್ಗೆ ಕೇಳಿದ್ದು ನಾನು, ವೇಡ್! ನಿನ್ನ ಮಾತು ನಂಬಿ ಚಕ್ರ ಬರೆದೆ. ಅದರೊಳಗೆ ಜನ ತಿಂಗಳುಗಟ್ಟಲೆ ಇರ್ತಾರೆ. ಅವರೂ ಫ್ಲಾಸ್ಕ್ ಹುಡುಕ್ಬೇಕಾ?"

"ನಾನು ಚೆನ್ನಾಗಿದೀನಿ ಅಂದಾಗ ನಿನ್ನ ದನೀಲಿ ಒಂದು ಖುಷಿ ಇರ್ತಿತ್ತು. ಅದನ್ನ ಕಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ..."

"ಪ್ರೀತಿಸ್ತೀನಿ ಅಂದ್ಯಲ್ಲ, ಅದೂ ನನ್ನ ಖುಷಿಗೇನಾ?"

ಉತ್ತರಕ್ಕೂ ನಿಲ್ಲದೆ ಹೊರಟುಹೋದಳು. ಮೋಸ ಹೋದೆ... ಅಳತೆಯೇ ಬದುಕಾದ ನಾನು, ಒಂದು ದನಿಯನ್ನು ಅಳೆಯಲಾರದೆ ಹೋದೆ!

ಮರುದಿನ ಸಭೆಯಲ್ಲಿ ಎದ್ದು ನಿಂತು, ತನ್ನ ನಕ್ಷೆಯನ್ನು ತಾನೇ ಸುತ್ತಿಟ್ಟಳು.

"ಇದನ್ನ ಕಟ್ಟಬಾರದು. ಆರು ಸುತ್ತು ಮನುಷ್ಯರಿಗೆ ತಡ್ಕೊಳ್ಳೋಕಾಗಲ್ಲ."

ಸ್ಟಾಕ್‌ವೆಲ್ ಹುಬ್ಬೇರಿಸಿದ. "ನಿಮ್ಮ ಕೈಬರಹದಲ್ಲೇ ಹತ್ತು ದಿನ 'ಇಲ್ಲ' ಅಂತಿದೆ. ಯಾರು ಹೇಳಿದ್ರು ಆಗಲ್ಲ ಅಂತ?"

ಹೆಸರು ನಾಲಗೆಯ ತುದಿಗೆ ಬಂತು. ಹೇಳಿದರೆ ಚಕ್ರ ಸರಿಯಾಗುತ್ತದೆ... ಅವನು ಮತ್ತೆಂದೂ ಹಾರಲಾರ. ಇಷ್ಟು ನೋವಿನಲ್ಲೂ ಆ ಹೆಸರು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

"ಹೆಣ್ಣುಮಕ್ಕಳ ಅನುಮಾನಕ್ಕೆಲ್ಲ ಕೆಲಸ ನಿಲ್ಸೋಕಾಗುತ್ತಾ?" ಸ್ಟಾಕ್‌ವೆಲ್ ನಕ್ಕ.

"ಅನುಮಾನ ಅಲ್ಲ ಸರ್. ನಾನೇ ಹೇಳ್ತಿದೀನಿ."

ಬಾಗಿಲಲ್ಲಿ ವೇಡ್! ಮೇಜಿನ ಮೇಲೆ ಒಂದು ಜೇಬುಪುಸ್ತಕ ಇಟ್ಟ. ಕೋಣೆಯೊಳಗೆ ಗುಟ್ಟಾಗಿ ಬರೆದಿಟ್ಟದ್ದು. ಯಾವ ಗಂಟೆಗೆ ವಾಂತಿ, ಯಾವ ಕಡೆ ಕತ್ತು ತಿರುಗಿಸಿದಾಗ, ಎಷ್ಟು ಹೊತ್ತು... ಎಂಟು ದಿನದ್ದೂ.

"ಮೂರು ಸುತ್ತಲ್ಲಿ ಒಂದು ಸಲಾನೂ ಆಗ್ಲಿಲ್ಲ. ಅದೂ ಬರ್ದಿದೆ. ಡಾಕ್ಟರಿಗೆ ಬೆಳಿಗ್ಗೆನೇ ಹೇಳ್ಬಂದೆ."

ಮೂರು ಸುತ್ತು. ದೊಡ್ಡ ಚಕ್ರ. ಸ್ಟಾಕ್‌ವೆಲ್ ಬಹಳ ಹೊತ್ತು ಪುಟ ಮಗುಚಿದ. "ಹೊಸದಾಗಿ ಬರೀರಿ. ಮಡಚಿ ಕಳಿಸೋ ಹಾಗೆ ಏನಾದ್ರೂ ದಾರಿ ಇದೆಯಾ ನೋಡಿ," ಎಂದಷ್ಟೇ ಹೇಳಿ ಎದ್ದ.

ಸಂಜೆ ಕಡಲಕಟ್ಟೆಯ ಮೇಲೆ ಡೆಲ್ಫೀನ್ ಒಬ್ಬಳೇ ಕೂತಿದ್ದಳು. ಹಿಂದೆ ಹೆಜ್ಜೆಯ ಸದ್ದು.

"ಡೆಲ್ಫೀನ್..."

ಅವಳು ಕತ್ತು ಹೊರಳಿಸಲಿಲ್ಲ. ನಿಧಾನಕ್ಕೆ, ಇಡೀ ಮೈ ತಿರುಗಿಸಿದಳು.

"ಈವತ್ತು ಹೇಗಿದೀಯ?"

"ಚೆನ್ನಾ..." ಬಾಯಿಗೆ ಬಂದದ್ದನ್ನು ಅವನು ನುಂಗಿಕೊಂಡ. "ಚೆನ್ನಾಗಿಲ್ಲ. ಇನ್ಮೇಲೆ ಹಾರೋಕಾಗಲ್ಲ. ನೀನೂ ಹೋಗ್ಬಿಡ್ತೀಯೇನೋ ಅಂತ ಹೊಟ್ಟೆ ತೊಳಸ್ತಿದೆ."

ಅವಳು ಪೆನ್ಸಿಲ್ ತೆಗೆದು ಏನೋ ಬರೆದುಕೊಂಡಳು.

"ಏನ್ ಬರ್ದೆ?"

"ವಾಕರಿಕೆ: ಇದೆ."

"ಕ್ಷಮಿಸಿದ್ಯಾ?"

"ಇನ್ನೂ ಇಲ್ಲ. ನಾಳೆ ಬೆಳಿಗ್ಗೆನೂ ಕೇಳ್ತೀನಿ. ನಾಡಿದ್ದೂ ಕೇಳ್ತೀನಿ. ಎಷ್ಟು ದಿನ ನಿಜ ಹೇಳ್ತೀಯೋ ನೋಡೋಣ."

"ಎಷ್ಟು ದಿನ ಕೇಳ್ತೀಯ?"

ಅವಳು ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟು ಸರಿದು ಕೂತಳು.

"ಮುದುಕಿ ಆಗೋವರೆಗೂ."